ಗೈ ಮೋಟಾರ್ಸ್ ಕಾರ್ಖಾನೆ: ಬೆಸುಗೆಯ ಕವಚ, ಬೀಡಿನ ಬಸ್ಸು

ಯುದ್ಧಕಾಲದಲ್ಲಿ ಕಾರ್ಖಾನೆಗಳು ತಮ್ಮ ಸಹಜವಾದ ಕೆಲಸವನ್ನು ಬದಿಗಿಟ್ಟು ಸರ್ಕಾರದ ಕೆಲಸಕ್ಕೆ ನಿಲ್ಲುತ್ತವೆ, ಶಾಂತಿ ಬಂದಮೇಲೆ ಬಿಟ್ಟ ಕಡೆಯಿಂದ ಮುಂದುವರಿಯುತ್ತವೆ ಎಂಬುದು ಕೈಗಾರಿಕೆಯ ಇತಿಹಾಸವನ್ನು ಬರೆಯುವವರಲ್ಲಿ ರೂಢವಾಗಿರುವ ಅಭಿಪ್ರಾಯ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಪಟ್ಟಣದ ಗೈ ಮೋಟಾರ್ಸ್ ಸಂಸ್ಥೆಯ ಚರಿತ್ರೆ ಈ ಅಭಿಪ್ರಾಯಕ್ಕೆ ಒಗ್ಗುವುದಿಲ್ಲ. ಸೈನ್ಯಕ್ಕೆ ಕವಚವಾಹನಗಳನ್ನೂ ಜನರಿಗೆ ಬಸ್ಸುಗಳನ್ನೂ ತಯಾರಿಸಿದ ಈ ಸಂಸ್ಥೆಗೆ ಬಸ್ಸಿನ ವ್ಯಾಪಾರ ಗಟ್ಟಿಯಾಗಿ ದೊರೆತದ್ದು ಯುದ್ಧದ ನಡುವೆ. ಅದು ಕೈತಪ್ಪಿದ್ದು ಶಾಂತಿಯ ಕಾಲದಲ್ಲಿ.

ಸಂಸ್ಥಾಪಕನಾದ ಸಿಡ್ನಿ ಸ್ಲೇಟರ್ ಗೈ ಎಂಬಾತನು ಅದೇ ಪಟ್ಟಣದ ಸನ್‌ಬೀಮ್ ಮೋಟಾರು ಕಾರ್ಖಾನೆಯ ಮೇಲ್ವಿಚಾರಕನಾಗಿದ್ದವನು. 1914ರಲ್ಲಿ ಆ ಹುದ್ದೆಯನ್ನು ಬಿಟ್ಟು ಫಾಲಿಂಗ್ಸ್ ಪಾರ್ಕ್ ಎಂಬಲ್ಲಿ ತನ್ನ ಹೆಸರಿನ ಕಾರ್ಖಾನೆಯನ್ನು ತೆರೆದನು. ಅಲ್ಲಿಂದ ಹೊರಬಂದ ಮೊದಲ ಲಾರಿಯ ಚೌಕಟ್ಟು ಒತ್ತಿ ರೂಪಿಸಿದ ಉಕ್ಕಿನದು; ಆಗ್ಗೆ ಬಳಕೆಯಲ್ಲಿದ್ದ ತೂಕದ ತೊಲೆಗಳಿಗಿಂತ ಹಗುರವಾದದ್ದು. ಉಕ್ಕನ್ನು ಹೇಗೆ ಬಾಗಿಸಬೇಕು, ಹೇಗೆ ಜೋಡಿಸಬೇಕು ಎಂಬ ಯೋಚನೆ ಈ ಸಂಸ್ಥೆಯಲ್ಲಿ ಮೊದಲಿನಿಂದಲೂ ಇದ್ದಿತೆಂಬುದಕ್ಕೆ ಇದು ಸಾಕ್ಷಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಎಂಟು ಸಿಲಿಂಡರಿನ ಕಾರು, 1926ರಲ್ಲಿ ಆರು ಚಕ್ರದ ಎರಡಂತಸ್ತಿನ ಟ್ರಾಲಿ ಬಸ್ಸು, 1928ರಲ್ಲಿ ಸ್ಟಾರ್ ಎಂಬ ಹಳೆಯ ಕಾರು ಸಂಸ್ಥೆಯ ಖರೀದಿ, ಹೀಗೆ ಸಾಹಸಗಳು ಒಂದರ ಹಿಂದೊಂದು ನಡೆದವು. ಸ್ಟಾರ್ ಸಂಸ್ಥೆಯನ್ನಂತೂ ನಾಲ್ಕೇ ವರ್ಷದಲ್ಲಿ ಮುಚ್ಚಬೇಕಾಯಿತು. 1933ರಲ್ಲಿ ಡೀಸೆಲ್ ಯಂತ್ರಕ್ಕೆಂದೇ ರೂಪಿಸಿದ ‘ಅರಬ್’ ಎಂಬ ಬಸ್ಸಿನ ಷಾಸಿಯನ್ನು ಹೊರತಂದರೂ ಕೊಂಡವರು ಕೆಲವರೇ. ಗೈ ವಾಹನಗಳ ರೇಡಿಯೇಟರಿನ ಮುಚ್ಚಳದ ಮೇಲೆ ಗರಿಗಳ ಕಿರೀಟ ಧರಿಸಿದ ಅಮೆರಿಕದ ಮೂಲನಿವಾಸಿಯೊಬ್ಬನ ಶಿರಸ್ಸೂ, ನಮ್ಮ ಟೊಪ್ಪಿಗೆಯ ಗರಿಗಳಿವು ಎಂಬರ್ಥದ ಮಾತೂ ಇರುತ್ತಿದ್ದವು. ಬಸ್ಸಿನ ಮಟ್ಟಿಗೆ ಆ ದಶಕದಲ್ಲಿ ಸಿಕ್ಕಿಸಿಕೊಳ್ಳಲು ಗರಿ ಹೆಚ್ಚಾಗಿ ದೊರೆಯಲಿಲ್ಲ.

ದಶಕದ ಕೊನೆಯ ಹೊತ್ತಿಗೆ ಕಾರ್ಖಾನೆಯ ಕೆಲಸ ಬಹುಪಾಲು ಸೈನ್ಯದ್ದೇ ಆಗಿದ್ದಿತು. ಫಿರಂಗಿಯನ್ನು ಎಳೆಯುವುದಕ್ಕಾಗಿ ಸಿದ್ಧಪಡಿಸಿದ್ದ ‘ಕ್ವಾಡ್ ಆಂಟ್’ ಬಂಡಿಯ ಆಧಾರದ ಮೇಲೆ ಒಂದು ಕವಚವಾಹನವನ್ನು ರಚಿಸುವಂತೆ ಯುದ್ಧಖಾತೆಯು 1938ರಲ್ಲಿ ಕೇಳಿತು. ಅದುವರೆಗೆ ಇಂತಹ ವಾಹನಗಳ ಉಕ್ಕಿನ ಫಲಕಗಳನ್ನು ರಿವೆಟ್ಟು ಹೊಡೆದು ಕೂಡಿಸುವುದೇ ವಾಡಿಕೆ. ಅದರ ದೋಷಗಳು ಹಲವು. ತೂತು ಕೊರೆದಲ್ಲೆಲ್ಲ ಫಲಕ ಬಲಗುಂದುತ್ತದೆ. ಒಂದರ ಮೇಲೊಂದು ಅಂಚು ಹೊದಿಸಬೇಕಾದುದರಿಂದ ತೂಕ ಹೆಚ್ಚುತ್ತದೆ. ಇವೆಲ್ಲಕ್ಕಿಂತ ಘೋರವಾದದ್ದು, ಹೊರಗಿನಿಂದ ಗುಂಡು ತಗುಲಿದಾಗ ರಿವೆಟ್ಟಿನ ತಲೆ ಒಡೆದು ಒಳಗೆ ಕುಳಿತವರ ಮೇಲೆಯೇ ಗುಂಡಿನಂತೆ ಹಾರುತ್ತದೆ. ರಕ್ಷಣೆಗೆಂದು ಹೊಡೆದ ಮೊಳೆಯೇ ಕೊಲ್ಲುವ ಸಾಧನವಾಗುತ್ತಿತ್ತು. ಫಲಕಗಳನ್ನು ಬೆಸುಗೆಯಿಂದ ಕೂಡಿಸಬೇಕೆಂದು ಗೈ ಸಂಸ್ಥೆ ಸೂಚಿಸಿದಾಗ ಸರ್ಕಾರ ಮೊದಲು ಒಪ್ಪಲಿಲ್ಲ. ನಿರಾಕರಣೆಗೆ ಕಾರಣವಿಲ್ಲದಿರಲಿಲ್ಲ. ಕವಚದ ಉಕ್ಕಿನ ಗಡಸುತನ ಕಾಯಿಸಿ ತಣಿಸುವ ಸಂಸ್ಕಾರದಿಂದ ಬಂದದ್ದು. ಬೆಸುಗೆಯ ಉರಿ ತಾಕಿದಲ್ಲಿ ಆ ಸಂಸ್ಕಾರ ಕೆಡುತ್ತದೆ, ಫಲಕ ಸೊಟ್ಟಗಾಗುತ್ತದೆ, ಆರುವಾಗ ಬೆಸುಗೆಯ ಅಂಚಿನಲ್ಲಿ ಬಿರುಕು ಬಿಡುತ್ತದೆ.

ಗೈ ಕಾರ್ಖಾನೆಯವರು ಬೆಸುಗೆಗೆ ಒಗ್ಗುವ ಫಲಕವನ್ನೂ ಅದಕ್ಕೆ ತಕ್ಕ ವಿಧಾನವನ್ನೂ ಸಾಧಿಸಿದರು. ವಾಹನದ ಒಡಲನ್ನೂ ತಿರುಗು ಗೋಪುರವನ್ನೂ ಹಿಡಿದು ಹೊರಳಿಸುವ ಚೌಕಟ್ಟುಗಳನ್ನು ಕಟ್ಟಿದುದರಿಂದ ಕೆಲಸ ಬಹಳ ವೇಗವಾಯಿತು. ಬೆಸೆಯುವವನು ಒಡಲ ಸುತ್ತ ಏರಿ ಇಳಿಯುವ ಬದಲು ಒಡಲೇ ಅವನ ಕೈಗೆ ತಿರುಗಿಬರುತ್ತಿದ್ದಿತು. ಹೀಗೆ ಸಿದ್ಧವಾದ ವಾಹನಗಳು ಒಟ್ಟು 101. ಮೊದಲ 50ಕ್ಕೆ ವಿಕರ್ಸ್ ಮೆಷಿನ್ ಗನ್ನು, ಉಳಿದವಕ್ಕೆ ಬೆಸಾ. ಕೆಲವು 1940ರಲ್ಲಿ ಫ್ರಾನ್ಸಿನ ಸೋಲಿನಲ್ಲಿ ಕಳೆದುಹೋದವು. ಮತ್ತೆ ಕೆಲವನ್ನು, ಶತ್ರುಗಳು ಇಂಗ್ಲೆಂಡಿನ ಮೇಲೆ ಇಳಿದ ಪಕ್ಷದಲ್ಲಿ ರಾಜಕುಟುಂಬವನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವುದಕ್ಕಾಗಿ ಕಾದಿರಿಸಲಾಗಿತ್ತು. ಇನ್ನೂ ಹೆಚ್ಚು ತಯಾರಿಸಲು ಕಾರ್ಖಾನೆಗೆ ಬಿಡುವಿರಲಿಲ್ಲವಾಗಿ ವಿನ್ಯಾಸವು ರೂಟ್ಸ್ ಸಂಸ್ಥೆಗಳ ಕೈಸೇರಿತು. ಅವರು ಭಾರತೀಯ ಸೈನ್ಯಕ್ಕೆಂದು ತಯಾರಾಗುತ್ತಿದ್ದ ಕ್ಯಾರಿಯರ್ ಫಿರಂಗಿ ಬಂಡಿಯ ಷಾಸಿಯ ಮೇಲೆ ಅದೇ ಬಗೆಯ ಒಡಲನ್ನು ಕೂಡಿಸಿ ‘ಹಂಬರ್’ ಎಂಬ ಹೆಸರಿನಿಂದ 3,600ಕ್ಕೂ ಮೀರಿದ ಕವಚವಾಹನಗಳನ್ನು ಹೊರತಂದರು. ಗೈ ಹೆಸರಿನವು ನೂರೊಂದೇ ಆದರೂ, ಅದು ಕಲಿಸಿಕೊಟ್ಟ ಬೆಸುಗೆಯ ವಿಧಾನ ಇತರ ಕಾರ್ಖಾನೆಗಳಿಗೂ ಹರಡಿತು. ಹೊಸ ಶೋಧಗಳನ್ನು ಪುರಸ್ಕರಿಸುವ ರಾಜಕೀಯ ಆಯೋಗವೂ ಅದನ್ನು ಮನ್ನಿಸಿತು.

ಇನ್ನು ಬಸ್ಸಿನ ಸಂಗತಿ. ಯುದ್ಧ ಮುಂದುವರಿದಂತೆ ಕಾರ್ಮಿಕರನ್ನು ಕಾರ್ಖಾನೆಗಳಿಗೆ ಸಾಗಿಸುವುದೇ ಕಷ್ಟವಾಗಿ, ಸರ್ಕಾರ ಮಿತವ್ಯಯದ ಎರಡಂತಸ್ತಿನ ಬಸ್ಸೊಂದನ್ನು ನಿಶ್ಚಯಿಸಿ ಅದರ ಷಾಸಿಯ ಕೆಲಸವನ್ನು ಗೈ ಸಂಸ್ಥೆಗೆ ವಹಿಸಿತು. ಮೊದಲ ಬೇಡಿಕೆ 500. ಅರಬ್ ಎಂಬ ಹಳೆಯ ಹೆಸರು 1942ರಲ್ಲಿ ಮರಳಿ ಬಂದಿತು. ಅಲ್ಯುಮಿನಿಯಂ ಎಲ್ಲವೂ ವಿಮಾನಗಳಿಗೆ ಮೀಸಲಾದ್ದರಿಂದ ಅದರ ಸ್ಥಾನದಲ್ಲಿ ಬೀಡುಕಬ್ಬಿಣವನ್ನು ಹಾಕಬೇಕಾಯಿತು. ಯಂತ್ರ ಗಾರ್ಡ್ನರ್ ಕಂಪೆನಿಯ ಐದು ಸಿಲಿಂಡರಿನ ಡೀಸೆಲ್. ಬಲ ಸುಮಾರು 85 ಅಶ್ವಶಕ್ತಿ, ಖರ್ಚು ಅಲ್ಪ, ಬಾಳಿಕೆ ದೀರ್ಘ. ಬೇರೆ ಬೇರೆ ಸಂಸ್ಥೆಗಳು ಕಟ್ಟಿಕೊಟ್ಟ ಮೇಲ್ಮೈಯಲ್ಲಿ ಮಾತ್ರ ಅಂದವೆಂಬುದಿರಲಿಲ್ಲ: ಸರಿಯಾಗಿ ಒಣಗದ ಮರ, ಮೂಲೆಮೂಲೆಯಾದ ತಗಡು, ಹಲಗೆಪಟ್ಟಿಯ ಆಸನ. ಮೇಲ್ಮೈ ಬೇಗ ಕೊಳೆಯಿತು, ಷಾಸಿ ಉಳಿಯಿತು. ಲಂಡನ್ ಸಾರಿಗೆಯೊಂದೇ ಇಂಥವನ್ನು 435 ಪಡೆಯಿತು. ಅದು ಬೇಡವೆಂದು ಮಾರಿದವುಗಳಲ್ಲಿ 60 ಷಾಸಿಗಳನ್ನು ಎಡಿನ್‌ಬರೋ ನಗರಸಭೆ 1952ರಲ್ಲಿ ಕೊಂಡು, ಹೊಸ ಒಡಲು ಕಟ್ಟಿಸಿತು. ಅವುಗಳಲ್ಲಿ ಕೆಲವು 1969ರವರೆಗೂ ಆ ನಗರದ ಏರುಬೀದಿಗಳಲ್ಲಿ ದುಡಿದವು.

ಕವಚದ ವಿಷಯದಲ್ಲಿ ಸಂಸ್ಥೆಯು ಸರ್ಕಾರವನ್ನು ಒಪ್ಪಿಸಿತು. ಬಸ್ಸಿನ ವಿಷಯದಲ್ಲಿ ಸರ್ಕಾರವು ಸಂಸ್ಥೆಯನ್ನು ಒಪ್ಪಿಸಿತು. ಎರಡನೆಯದರಿಂದ ದೊರೆತ ಲಾಭವೇ ಹೆಚ್ಚು ಕಾಲ ನಿಂತಿತೆನ್ನಬೇಕು. ಹಿಂದೆ ಗೈ ಬಸ್ಸನ್ನು ಮುಟ್ಟದಿದ್ದ ನಗರಸಭೆಗಳು ಯುದ್ಧಾನಂತರ ತಾವಾಗಿಯೇ ಅರಬ್ಬನ್ನು ಕೇಳಿ ತರಿಸಿಕೊಂಡವು. ಬರ್ಮಿಂಗ್‌ಹ್ಯಾಂ ಒಂದೇ ಮುನ್ನೂರಕ್ಕೂ ಹೆಚ್ಚು ಕೊಂಡಿತು, ಹಾಂಗ್‌ಕಾಂಗಿಗೂ ಅವು ಹೋದವು.

ಸಿಡ್ನಿ ಗೈ 1957ರಲ್ಲಿ ನಿವೃತ್ತನಾದನು. ಎರಡು ವರ್ಷಗಳ ಮೇಲೆ ಹೊರಬಂದ ‘ವುಲ್‌ಫ್ರೂನಿಯನ್’ ಬಸ್ಸಿನ ಹೆಸರು, 985ರಲ್ಲಿ ರಾಜನಿಂದ ಭೂದಾನ ಪಡೆದು ಪಟ್ಟಣದ ಹೆಸರಿಗೂ ಕಾರಣಳಾದ ವುಲ್‌ಫ್ರೂನ್ ಎಂಬ ಮಹಿಳೆಯದು. ಹೆಸರು ಎಷ್ಟು ಪ್ರಾಚೀನವೋ ಯಂತ್ರ ಅಷ್ಟು ನವೀನ: ಗಾಳಿಯ ಮೇಲೆ ತೂಗುವ ಒಡಲು, ಬಿಲ್ಲೆಯ ಬ್ರೇಕು, ಬಾಗಿಲ ಪಕ್ಕದಲ್ಲೇ ಎಂಜಿನ್ನು. ಒಂದೊಂದೂ ಒಳ್ಳೆಯದೇ, ಎಲ್ಲವನ್ನೂ ಒಟ್ಟಿಗೆ, ಸಾಕಷ್ಟು ಪರೀಕ್ಷೆಯಿಲ್ಲದೆ ಕೂಡಿಸಿದ್ದೇ ತಪ್ಪಾಯಿತು. ಭಾರವೆಲ್ಲ ಮುಂದಿನ ಅಚ್ಚಿನ ಮೇಲೆ ಬಿದ್ದು ಟೈರುಗಳು ಸವೆದವು, ಬ್ರೇಕುಗಳು ಕಾದವು. ತಯಾರಾದವು 137, ಅವುಗಳಲ್ಲಿ ಬಹುಪಾಲನ್ನು ಕೊಂಡದ್ದು ವೆಸ್ಟ್ ರೈಡಿಂಗ್ ಎಂಬ ಒಂದೇ ಸಂಸ್ಥೆ. ದಕ್ಷಿಣ ಆಫ್ರಿಕದಲ್ಲಿ ತಾವೇ ಮಾರಾಟ ಮಾಡಹೊರಟ ನಷ್ಟವೂ ಇದಕ್ಕೆ ಕೂಡಿ, 1961ರಲ್ಲಿ ಗೈ ದಿವಾಳಿಯಾಗಿ ಜಾಗ್ವಾರ್ ಸಂಸ್ಥೆಯ ಪಾಲಾಯಿತು. ಹೊಸ ಒಡೆಯರು ಬಂದಮೇಲೆ ಕಾರ್ಖಾನೆ ಮತ್ತೆ ಹಳೆಯ ಅರಬ್ಬನ್ನೇ ತಿದ್ದಿ ಐದನೆಯ ಮಾದರಿಯಾಗಿ ಹೊರತಂದಿತು. ಫಾಲಿಂಗ್ಸ್ ಪಾರ್ಕಿನ ಬಾಗಿಲು ಕಡೆಯದಾಗಿ ಮುಚ್ಚಿದ್ದು 1982ರಲ್ಲಿ.