ಮೂತ್ರಪಿಂಡದ ಹರಳು ಮತ್ತು ಸೊಳ್ಳೆಜ್ವರ: ಇಂದಾಪುರ ಪರಿಸರದ ಕನ್ನಡ ಕುಟುಂಬಗಳಿಗೊಂದು ಕೈಪಿಡಿ

ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ ಪುಣೆಯಿಂದ ಸುಮಾರು 140 ಕಿ.ಮೀ. ದೂರದಲ್ಲಿರುವ ಇಂದಾಪುರವು ಕನ್ನಡ ಬಾಂಧವರಿಗೆ ಅಪರಿಚಿತವಾದ ಊರಲ್ಲ. ನೀರಾ ನದಿಯು ಭೀಮೆಯನ್ನು ಕೂಡುವಲ್ಲಿ ನೆಲೆಸಿರುವ ನೀರಾ ನರಸಿಂಹಪುರದ ಲಕ್ಷ್ಮೀನರಸಿಂಹನು ಉತ್ತರ ಕರ್ನಾಟಕದ ಅನೇಕ ಮನೆತನಗಳ ಕುಲದೇವರು. ವೈಶಾಖದ ಸುಡುಬಿಸಿಲಿನಲ್ಲಿ ನರಸಿಂಹ ಜಯಂತಿಗೆಂದು ಬರುವವರುಂಟು. ನೌಕರಿ, ವ್ಯಾಪಾರಗಳ ನಿಮಿತ್ತ ಈ ಭಾಗದಲ್ಲಿ ಮನೆಮಾಡಿಕೊಂಡವರೂ ಉಂಟು. ಇಲ್ಲಿಂದ ಮುಂದೆ ಹರಿಯುವ ಭೀಮೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾಯ್ದು ರಾಯಚೂರಿನ ಸಮೀಪ ಕೃಷ್ಣೆಯನ್ನು ಸೇರುವುದರಿಂದ, ಇಲ್ಲಿಯ ಬಿಸಿಲು, ನೀರು, ಊಟಗಳ ವಿಷಯವಾಗಿ ಬರೆದುದು ಆ ಕಡೆಯ ಬಂಧುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಈ ಲೇಖನದಲ್ಲಿ ನಾವು ಎರಡು ವ್ಯಾಧಿಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದು, ಮರಾಠಿಯಲ್ಲಿ ಮುತಖಡಾ ಎನ್ನುವ ಮೂತ್ರಪಿಂಡದ ಹರಳು. ಇನ್ನೊಂದು, ಸೊಳ್ಳೆಯಿಂದ ಹರಡುವ ಜ್ವರ. ಕಾರಣದ ದೃಷ್ಟಿಯಿಂದ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ದೇಹದಲ್ಲಿ ಇವು ಕೂಡಿದಾಗ ಒಂದರ ಲಕ್ಷಣ ಇನ್ನೊಂದನ್ನು ಮರೆಮಾಡುತ್ತದೆ, ಒಂದಕ್ಕೆ ಕೊಡುವ ಗುಳಿಗೆ ಇನ್ನೊಂದರಲ್ಲಿ ಅಪಾಯ ತರುತ್ತದೆ. ಈ ಸಂಗತಿ ಅನೇಕರಿಗೆ ತಿಳಿದಿಲ್ಲವಾದುದರಿಂದಲೇ ಈ ಬರಹ.

ಬಿಸಿಲು ಮತ್ತು ನಿಂತ ನೀರು

ಇಂದಾಪುರ ತಾಲ್ಲೂಕು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಆದರೂ ಇಲ್ಲಿ ಕಬ್ಬು ಹಸುರಾಗಿ ನಿಂತಿರುವುದು ಕಾಲುವೆಗಳ ದೆಸೆಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತೋಡಿದ ನೀರಾ ಎಡದಂಡೆ ಕಾಲುವೆ ಒಂದು ಕಡೆ, 1980ರ ಸುಮಾರಿಗೆ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಹಿನ್ನೀರು ಇನ್ನೊಂದು ಕಡೆ. ಭಿಗವಣದ ಹತ್ತಿರ ರಾಜಹಂಸಗಳನ್ನು ನೋಡಲು ಪುಣೆಯ ಕುಟುಂಬಗಳು ಹೋಗುವುದು ಈ ಹಿನ್ನೀರಿಗೇ. ಹೀಗೆ ಒಣ ನೆಲದ ಬಿಸಿಲೂ ತರಿ ನೆಲದ ನೀರೂ ಒಂದೆಡೆ ಇವೆ. ಬಿಸಿಲಿನಲ್ಲಿ ಬೆವರು ಸುರಿದು ಮೂತ್ರ ಗಟ್ಟಿಯಾಗುವುದು ಹರಳಿಗೆ ದಾರಿ. ನೀರು ಪ್ರತಿದಿನ ಬರುವ ಭರವಸೆಯಿಲ್ಲದೆ ಹಂಡೆ, ಡ್ರಮ್ಮು, ರಾಂಜಣಗಳಲ್ಲಿ ತುಂಬಿಡುವುದು ಡೆಂಗಿ ಸೊಳ್ಳೆಗೆ ದಾರಿ. ಮಳೆ ಕಡಿಮೆಯಾದ ಊರಿನಲ್ಲಿ ಡೆಂಗಿ ಹೇಗೆ ಬಂತು ಎಂದು ಆಶ್ಚರ್ಯಪಡುವವರು ಇದನ್ನು ಗಮನಿಸಬೇಕು: ನೀರಿನ ಅಭಾವವಿರುವಲ್ಲಿಯೇ ಮನೆಮನೆಯಲ್ಲಿ ನೀರು ನಿಂತಿರುತ್ತದೆ.

ಹರಳಿನ ವಿಚಾರ

ಮೂತ್ರದಲ್ಲಿ ಕರಗಿರುವ ಲವಣಗಳು ನೀರು ಸಾಲದಾದಾಗ ಹರಳುಗಟ್ಟುತ್ತವೆ. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಯೂರಿಕ್ ಆಮ್ಲದವು, ಸೋಂಕಿನಿಂದ ಬೆಳೆಯುವವು ಉಳಿದವುಗಳಲ್ಲಿ ಮುಖ್ಯ. ನಮ್ಮ ಪ್ರಾಚೀನ ವೈದ್ಯರು ಇದನ್ನು ಅಶ್ಮರಿ ಎಂದು ಕರೆದಿದ್ದರು. ಸುಶ್ರುತ ಸಂಹಿತೆಯಲ್ಲಿ ಮೂತ್ರಕೋಶದ ಕಲ್ಲನ್ನು ಶಸ್ತ್ರಕ್ರಿಯೆಯಿಂದ ತೆಗೆಯುವ ವಿವರಣೆಯಿದೆ.

ಹರಳು ಮೂತ್ರಪಿಂಡದಲ್ಲಿ ಸುಮ್ಮನೆ ಕುಳಿತಿರುವಷ್ಟು ಕಾಲ ಅದರ ಸುಳಿವೇ ಇರುವುದಿಲ್ಲ. ಅದು ಜಾರಿ ಮೂತ್ರನಾಳದಲ್ಲಿ ಸಿಕ್ಕಿಕೊಂಡಾಗ ಪಕ್ಕೆಯಿಂದ ತೊಡೆಯ ಸಂದಿಯ ಕಡೆಗೆ ಇಳಿಯುವ, ಅಲೆ ಅಲೆಯಾಗಿ ಬರುವ, ಕೂತರೂ ಮಲಗಿದರೂ ಸಮಾಧಾನವಿಲ್ಲದ ನೋವು ಏಳುತ್ತದೆ. ಜೊತೆಗೆ ವಾಂತಿ, ಕೆಂಪುಮೂತ್ರ, ಉರಿ. ಸೋನೋಗ್ರಫಿಯಿಂದ ಬಹಳಷ್ಟು ತಿಳಿಯುತ್ತದೆ; ಖಚಿತವಾಗಿ ಅಳತೆ, ಜಾಗ ತಿಳಿಯಬೇಕಾದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. 4 ಮಿ.ಮೀ.ವರೆಗಿನ ಹರಳುಗಳಲ್ಲಿ ಬಹುಪಾಲು ತಾವಾಗಿಯೇ ಹೊರಬೀಳುತ್ತವೆ. 5ರಿಂದ 10 ಮಿ.ಮೀ.ನವುಗಳಲ್ಲಿ ಹೆಚ್ಚುಕಡಿಮೆ ಅರ್ಧ, 10 ಮಿ.ಮೀ. ಮೀರಿದವು ಹೊರಬರುವುದು ಅಪರೂಪ. ಬಿದ್ದ ಹರಳನ್ನು ಎಸೆಯದೆ ಜಾಳಿಗೆಯಲ್ಲಿ ಹಿಡಿದು ವೈದ್ಯರಿಗೆ ಒಪ್ಪಿಸುವುದು ಒಳ್ಳೆಯದು. ಅದರ ಜಾತಿ ತಿಳಿದರೆ ಮುಂದಿನ ಪಥ್ಯ ಸುಲಭ. ಹೊರಬೀಳದ ಹರಳಿಗೆ ಈಗ ದೊಡ್ಡ ಗಾಯದ ಶಸ್ತ್ರಕ್ರಿಯೆ ವಿರಳ. 1980ರಲ್ಲಿ ಮ್ಯೂನಿಕ್ ನಗರದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೇಲೆ ಪ್ರಯೋಗವಾದ ಆಘಾತ ತರಂಗದ ಚಿಕಿತ್ಸೆ ಹಾಗೂ ದುರ್ಬೀನಿನ ವಿಧಾನಗಳು ಅದರ ಸ್ಥಾನವನ್ನು ಪಡೆದಿವೆ.

ಹರಳು ಒಮ್ಮೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳೊಳಗೆ ಮತ್ತೆ ಬರುತ್ತದೆ. ಆದ್ದರಿಂದ ಪಥ್ಯದ ಮಾತು ತುಸು ವಿವರವಾಗಿಯೇ ಬೇಕು, ಅದರಲ್ಲೂ ಈ ವಿಷಯದಲ್ಲಿ ತಪ್ಪು ಕಲ್ಪನೆಗಳು ಹೇರಳವಾಗಿರುವಾಗ.

ಮೊದಲನೆಯದು ನೀರು. ದಿನಕ್ಕೆ ಎಷ್ಟು ಲೋಟ ಕುಡಿಯಬೇಕೆಂದು ಎಣಿಸುವುದಕ್ಕಿಂತ ಎಷ್ಟು ಮೂತ್ರವಾಗುತ್ತದೆಂದು ನೋಡುವುದು ಸರಿಯಾದ ಮಾರ್ಗ. ದಿನಕ್ಕೆ 2ರಿಂದ 2.5 ಲೀಟರ್ ಮೂತ್ರ, ಅದೂ ತಿಳಿಯಾದ ಬಣ್ಣದ್ದು, ಆಗಬೇಕು. ಇದಕ್ಕಾಗಿ ಸಾಮಾನ್ಯ ದಿನಗಳಲ್ಲಿ ಸುಮಾರು 3 ಲೀಟರ್ ನೀರು ಬೇಕು. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲಿಯೋ ಕಾರಖಾನೆಯಲ್ಲಿಯೋ ದುಡಿಯುವವರಿಗೆ ಅದೂ ಸಾಲದು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ಈ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಇಲ್ಲಿ ನಮ್ಮ ತಾಯಂದಿರ, ಸೊಸೆಯಂದಿರ ಒಂದು ಅಭ್ಯಾಸವನ್ನು ಹೇಳದೆ ಇರಲಾರೆವು. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗದೆಂಬ ಅಂಜಿಕೆಯಿಂದ ಪ್ರಯಾಣದ ದಿನ ಬೆಳಗಿನಿಂದ ನೀರನ್ನೇ ಮುಟ್ಟದಿರುವುದು ನಮ್ಮ ಮನೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ತಪ್ಪೆಂದು ಎಣಿಸುವುದೇ ಇಲ್ಲ. ಮನೆಯ ಗಂಡಸರು ಪ್ರಯಾಣದ ನಿಲುಗಡೆಗಳನ್ನು ಚಹಾದ ರುಚಿ ನೋಡಿ ಗೊತ್ತುಮಾಡದೆ ಶೌಚಾಲಯವನ್ನು ನೋಡಿ ಗೊತ್ತುಮಾಡಿದರೆ ಅರ್ಧ ಉಪಕಾರವಾದೀತು.

ಎರಡನೆಯದು ಉಪ್ಪು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಫರಸಾಣಗಳಲ್ಲಿಯೇ ಅದು ಮುಗಿದುಹೋಗುತ್ತದೆ.

ಮೂರನೆಯದಾಗಿ, ಹರಳಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು, ಮೊಸರು ಬಿಡುವುದು ತಪ್ಪು. ಊಟದ ಜೊತೆಗೆ ಬಂದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹಾಲು ಬಿಟ್ಟವರಿಗೆ ಹರಳು ಹೆಚ್ಚಾಗುವ ಸಂಭವವುಂಟು. ಪಾಲಕ್, ಬೀಟ್‌ರೂಟ್, ಬಾದಾಮಿ, ಗೋಡಂಬಿಗಳಲ್ಲಿ ಆಕ್ಸಲೇಟ್ ಹೆಚ್ಚು. ಶೇಂಗಾದಲ್ಲಿಯೂ ಇದೆ, ಆದರೆ ಶೇಂಗಾ ಹಿಂಡಿಯಿಲ್ಲದ ಜೋಳದ ರೊಟ್ಟಿಯನ್ನು ನಮ್ಮವರಿಗೆ ವಿಧಿಸಲು ನಮಗೂ ಮನಸ್ಸಿಲ್ಲ. ಮಿತವಾಗಿ, ಗಟ್ಟಿ ಮೊಸರಿನೊಡನೆ ತಿಂದರೆ ಸಾಕು. ಪಾಪದ ಟೊಮೇಟೊ ಈ ವಿಷಯದಲ್ಲಿ ಬಹುಮಟ್ಟಿಗೆ ನಿರಪರಾಧಿ. ನಿಂಬೆಯ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ. ಸಕ್ಕರೆ, ಉಪ್ಪುಗಳನ್ನು ಕಡಿಮೆ ಹಾಕಿದ ನಿಂಬೆನೀರು ಉತ್ತಮ. ಬಾಳೆದಿಂಡಿನ ಪಲ್ಯ, ಹುರುಳಿಯ ಕಟ್ಟು ಆಹಾರವಾಗಿ ಇರಲಿ, ಆದರೆ ನಾಳದಲ್ಲಿ ಸಿಕ್ಕಿಕೊಂಡ ಹರಳನ್ನು ಅವು ಕರಗಿಸುತ್ತವೆಂದು ನಂಬಿ ತಿಂಗಳುಗಟ್ಟಲೆ ಕಾಯುವುದು ಮೂತ್ರಪಿಂಡಕ್ಕೇ ಮುಳುವಾಗಬಹುದು. ನೋವು ನಿಂತಿತೆಂದರೆ ಹರಳು ಬಿತ್ತೆಂದು ಅರ್ಥವಲ್ಲ. ಮತ್ತೊಮ್ಮೆ ಸೋನೋಗ್ರಫಿ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಬೋರ್‌ವೆಲ್‌ನ ಗಡಸು ನೀರೇ ಸಕಲ ಅನರ್ಥಕ್ಕೂ ಮೂಲವೆಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಗಡಸು ನೀರಾದರೂ ಶುದ್ಧವಾಗಿದ್ದರೆ ಕುಡಿಯದೆ ಇರುವುದಕ್ಕಿಂತ ಕುಡಿಯುವುದೇ ಮೇಲು.

ಸೊಳ್ಳೆಯ ವಿಚಾರ

ಸೊಳ್ಳೆಯಿಂದ ಮಲೇರಿಯ ಹರಡುವುದೆಂಬ ಶೋಧಕ್ಕೆ ಕೀರ್ತಿ ಪಡೆದ ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಆ ಸಾಕ್ಷ್ಯವನ್ನು ಕಂಡನು. ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನಲ್ಲಿದ್ದಾಗಲೇ, ಸೊಳ್ಳೆಗೆ ನೀರು ಸಿಗದಂತೆ ಮಾಡಿದರೆ ಅದರ ಸಂತತಿ ತಗ್ಗುವುದೆಂಬುದನ್ನು ಅವನು ಗಮನಿಸಿದ್ದನು. ಇಂದಿಗೂ ಇದಕ್ಕಿಂತ ಉತ್ತಮವಾದ ಉಪಾಯ ದೊರೆತಿಲ್ಲ.

ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಈ ಮೂರನ್ನೂ ಮುಖ್ಯವಾಗಿ ಹರಡುವುದು ಈಡಿಸ್ ಈಜಿಪ್ಟಿ ಎಂಬ ಒಂದೇ ಸೊಳ್ಳೆ. ಈ ಭಾಗಕ್ಕೆ ಇದು ಹೊಸದಲ್ಲ: ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1973ರಲ್ಲಿಯೇ ಚಿಕೂನ್‌ಗುನ್ಯಾ ಹಬ್ಬಿತ್ತು. ಬಳಿಕ ಮೂರು ದಶಕ ತಣ್ಣಗಿದ್ದು 2005–06ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳೆರಡನ್ನೂ ಅದು ಹಾಸಿಗೆಗೆ ಕೆಡವಿದ್ದನ್ನು ಹಿರಿಯ ಓದುಗರ ಕೀಲುಗಳು ಮರೆತಿರಲಾರವು. ಮಹಾರಾಷ್ಟ್ರದ ಮೊದಲ ಝೀಕಾ ಪ್ರಕರಣ 2021ರ ಜುಲೈನಲ್ಲಿ ಇದೇ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಬೇಲಸರ ಗ್ರಾಮದಲ್ಲಿ ಪತ್ತೆಯಾಯಿತು; 2024ರಲ್ಲಿ ಅದು ಪುಣೆ ನಗರದಲ್ಲಿಯೂ ಕಾಣಿಸಿಕೊಂಡಿತು. ಗರ್ಭಿಣಿಯರ ಶಿಶುವಿಗೆ ಝೀಕಾದಿಂದ ಅಪಾಯವಿರುವುದರಿಂದ ಅವರಿಗೆ ಜ್ವರ ಬಂದರೆ ತಡಮಾಡಬಾರದು.

ಈಡಿಸ್ ಕಚ್ಚುವುದು ಹಗಲಿನಲ್ಲಿ, ಮೊಟ್ಟೆಯಿಡುವುದು ಮನೆಯ ಸುತ್ತಲಿನ ತಿಳಿನೀರಿನಲ್ಲಿ. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಮೈಯನ್ನು ಬ್ರಶ್ಶಿನಿಂದ ಉಜ್ಜಬೇಕು. ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಂದು ‘ಕೋರಡಾ ದಿವಸ’, ಎಂದರೆ ಒಣದಿನ, ಆಚರಿಸಿರೆಂದು ಇಲ್ಲಿಯ ಆರೋಗ್ಯ ಕಾರ್ಯಕರ್ತೆಯರು ಹೇಳುವುದರ ಲೆಕ್ಕ ಇದೇ. ಬರಿದುಮಾಡಲಾಗದ ದೊಡ್ಡ ಟಾಕಿಗೆ ಬಿಗಿಯಾದ ಮುಚ್ಚಳ ಅಥವಾ ಬಟ್ಟೆ, ಬಳಕೆಯಿಲ್ಲದ ಬಾವಿಗೆ ಗಪ್ಪಿ ಮೀನು. ಫ್ರಿಜ್ಜಿನ ಹಿಂಬದಿಯ ತಟ್ಟೆ, ಕೂಲರ್, ತುಳಸಿಕಟ್ಟೆಯ ಸುತ್ತಲಿನ ತಟ್ಟೆ, ಹಕ್ಕಿಗಳಿಗೆ ನೀರಿಡುವ ಕುಡಿಕೆ, ಮಾಳಿಗೆಯ ಹಳೆಯ ಟಾಯರು ಇವು ಮರೆತುಹೋಗುವ ಜಾಗಗಳು. ಬೇಸಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ಹೊರಡುವ ಮುನ್ನ ಇವನ್ನು ಬರಿದುಮಾಡಿ ಹೋಗುವುದು ನೆರೆಹೊರೆಯವರಿಗೆ ಮಾಡುವ ಉಪಕಾರ. ಮಲೇರಿಯ ತರುವ ಅನಾಫಿಲಿಸ್ ಕಚ್ಚುವುದು ರಾತ್ರಿ. ಅದರ ಕೆಲವು ಜಾತಿಗಳು ಕಾಲುವೆಯ ಬದಿ, ಹೊಲದ ನೀರುಗಳಲ್ಲಿ ಬೆಳೆಯುತ್ತವೆ. ಅದಕ್ಕೆ ಸೊಳ್ಳೆಪರದೆಯೇ ಮದ್ದು. ಹಗಲು ನಿದ್ರಿಸುವ ಕೂಸುಗಳಿಗೂ ವೃದ್ಧರಿಗೂ ಹಗಲಿನಲ್ಲಿಯೂ ಪರದೆ ಬೇಕು.

ಹರಳಿನವರು ನೀರು ಹೆಚ್ಚು ಕುಡಿಯಬೇಕೆಂದು ಕೋಣೆಕೋಣೆಯಲ್ಲಿ ತೆರೆದ ತಂಬಿಗೆ, ಹೂಜಿಗಳನ್ನು ತುಂಬಿಟ್ಟು ದಿನಗಟ್ಟಲೆ ಮರೆಯುವುದುಂಟು. ಕುಡಿಯುವ ನೀರು ಮುಚ್ಚಿರಲಿ, ದಿನವೂ ಬದಲಾಗಲಿ.

ಎರಡೂ ಕೂಡಿದಾಗ

ನಾವು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಇದು. ಮಳೆಗಾಲದಿಂದ ದೀಪಾವಳಿಯವರೆಗೆ ಯಾರಿಗೆ ಚಳಿಜ್ವರ ಬಂದರೂ ಅದು ಸೊಳ್ಳೆಯ ಜ್ವರವೆಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಆದರೆ ಹರಳಿನಿಂದ ಮೂತ್ರನಾಳ ಕಟ್ಟಿಕೊಂಡು, ಅದರ ಹಿಂದೆ ನಿಂತ ಮೂತ್ರದಲ್ಲಿ ಸೋಂಕಾದಾಗಲೂ ಹೀಗೆಯೇ ನಡುಕ ಹುಟ್ಟಿಸುವ ಜ್ವರ ಬರುತ್ತದೆ. ಇದು ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ಹರಡಿ ಪ್ರಾಣಾಂತಿಕವಾಗಬಲ್ಲದು. ಆಗ ಆಂಟಿಬಯೋಟಿಕ್ ಮಾತ್ರ ಸಾಲದು. ಸ್ಟೆಂಟ್ ಎಂಬ ನಳಿಕೆಯನ್ನು ಇಟ್ಟೋ ಬೆನ್ನಿನ ಕಡೆಯಿಂದ ನಳಿಕೆ ಹಾಕಿಯೋ ಕಟ್ಟಿದ ಮೂತ್ರವನ್ನು ಹರಿಯಬಿಡಬೇಕು. ಹರಳಿರುವ ವ್ಯಕ್ತಿಗೆ ಪಕ್ಕೆನೋವಿನೊಡನೆ ಜ್ವರ ಬಂದರೆ, ಅಥವಾ ಮೂತ್ರ ನಿಂತುಹೋದರೆ, ರಕ್ತಪರೀಕ್ಷೆಯ ವರದಿಗಾಗಿ ಮನೆಯಲ್ಲಿ ಎರಡು ದಿನ ಕಾಯಬಾರದು. ಒಂದೇ ಮೂತ್ರಪಿಂಡವುಳ್ಳವರು, ಗರ್ಭಿಣಿಯರು, ಮಧುಮೇಹಿಗಳು ಇನ್ನೂ ಎಚ್ಚರದಿಂದಿರಬೇಕು.

ಇದರ ವಿರುದ್ಧ ದಿಕ್ಕಿನ ಪ್ರಮಾದವೂ ಅಷ್ಟೇ ಘೋರ. ಡೆಂಗಿಯಲ್ಲಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿನಲ್ಲಿಯೇ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನ ರಕ್ತಸ್ರಾವ, ಮಂಪರು, ಮೂತ್ರ ಕಡಿಮೆಯಾಗುವುದು ಇವು ಅಪಾಯದ ಸೂಚನೆಗಳು. ಹರಳಿನ ಹಳೆಯ ರೋಗಿ ಇದನ್ನು ತನ್ನ ಪರಿಚಿತ ನೋವೆಂದು ಬಗೆದು, ಕಪಾಟಿನಲ್ಲಿ ಉಳಿದಿದ್ದ ಡೈಕ್ಲೊಫೆನಾಕ್ ಗುಳಿಗೆಯನ್ನು ನುಂಗುತ್ತಾನೆ. ಹರಳಿನ ನೋವಿಗೆ ವೈದ್ಯರು ಕೊಡುವ ಉತ್ತಮ ಔಷಧವೇ ಅದು; ಆದರೆ ಡೆಂಗಿಯಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ನೀರಿನಂಶ ಕುಗ್ಗಿದ ದೇಹದಲ್ಲಿ ಮೂತ್ರಪಿಂಡಕ್ಕೂ ಕೇಡು ಮಾಡುತ್ತವೆ. ಡೆಂಗಿಯಲ್ಲವೆಂದು ಗೊತ್ತಾಗುವವರೆಗೆ ಜ್ವರಕ್ಕೂ ಮೈಕೈನೋವಿಗೂ ಪ್ಯಾರಾಸಿಟಮಾಲ್ ಒಂದೇ ಸರಿ, ಅದೂ ಹೇಳಿದ ಪ್ರಮಾಣದಲ್ಲಿ. ಔಷಧಿ ಅಂಗಡಿಯವರು ಮೂರು ಬಣ್ಣದ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟರೆ ಹೆಸರು ಕೇಳದೆ ತೆಗೆದುಕೊಳ್ಳಬೇಡಿ. ಮೊದಲ ಐದು ದಿನಗಳಲ್ಲಿ ಎನ್.ಎಸ್.1 ಪರೀಕ್ಷೆ, ನಂತರ ಐ.ಜಿ.ಎಂ. ಪರೀಕ್ಷೆ ಡೆಂಗಿಯನ್ನು ತೋರಿಸುತ್ತವೆ; ಮಲೇರಿಯಕ್ಕೆ ರಕ್ತಲೇಪನದ ಪರೀಕ್ಷೆ ಬೇರೆಯೇ ಇದೆ. ಪ್ಲೇಟ್‌ಲೆಟ್ ಕುಗ್ಗಿರುವಾಗ ಹರಳಿನ ಶಸ್ತ್ರಕ್ರಿಯೆ, ಆಘಾತ ತರಂಗಗಳನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ.

ತುರ್ತು ಸಂದರ್ಭದಲ್ಲಿ ಮಹಾರಾಷ್ಟ್ರದಲ್ಲಿಯೂ ಆಂಬುಲೆನ್ಸಿಗೆ 108. ಇಂದಾಪುರದಲ್ಲಿ ಸರಕಾರಿ ಉಪಜಿಲ್ಲಾ ಆಸ್ಪತ್ರೆಯಿದೆ. ಬಾರಾಮತಿಯಲ್ಲಿ 2019ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿದೆ. ಹೋಗುವಾಗ ಹಳೆಯ ಸೋನೋಗ್ರಫಿ ವರದಿಯನ್ನು ಒಯ್ಯಿರಿ. ಹರಳಿದೆ ಎಂಬುದನ್ನು ಜ್ವರದ ವೈದ್ಯರಿಗೂ, ಜ್ವರವಿದೆ ಎಂಬುದನ್ನು ಹರಳಿನ ವೈದ್ಯರಿಗೂ ತಾವಾಗಿಯೇ ತಿಳಿಸಿರಿ. ಊರಿನಿಂದ ಬಂದು ಮಕ್ಕಳೊಡನಿರುವ, ಮರಾಠಿ ಬಾರದ ಹಿರಿಯರು ಹಗಲಿನಲ್ಲಿ ಒಬ್ಬರೇ ಇರುವ ಮನೆಗಳಲ್ಲಿ ಈ ಕೆಲವು ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿಡಬಹುದು: ಹರಳಿಗೆ ‘ಮುತಖಡಾ’, ಚಳಿಜ್ವರಕ್ಕೆ ‘ಥಂಡೀ ವಾಜೂನ್ ತಾಪ’, ಮಲೇರಿಯಕ್ಕೆ ‘ಹಿವತಾಪ’, ಉರಿಮೂತ್ರಕ್ಕೆ ‘ಲಘವೀಲಾ ಜಳಜಳ’, ಮೂತ್ರ ನಿಂತಿದ್ದರೆ ‘ಲಘವೀ ಹೋತ್ ನಾಹೀ’.