ಬುಕ್ಕರಾಯನ ಬೆಳ್ಗೊಳದ ಶಾಸನ: ಸಮಯಸಾಮರಸ್ಯದ ಸ್ವರೂಪ

ಶ್ರವಣಬೆಳ್ಗೊಳದ ಭಂಡಾರಿ ಬಸದಿಯ ಬಳಿಯಿರುವ ಶಕವರ್ಷ 1290ರ (ಕ್ರಿ. ಶ. 1368) ಶಿಲಾಶಾಸನವು ಕರ್ಣಾಟಕದ ಮತೇತಿಹಾಸದಲ್ಲಿ ಸುಪ್ರಸಿದ್ಧವಾದುದು. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವಿವಾದವನ್ನು ವಿಜಯನಗರದ ಬುಕ್ಕರಾಯನು ತೀರಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಉಭಯ ದರ್ಶನಗಳಿಗೆ ಭೇದವಿಲ್ಲವೆಂಬ ಅದರ ಘೋಷಣೆಯನ್ನೇ ಎತ್ತಿಹೇಳಿ ಅರಸನ ಔದಾರ್ಯಕ್ಕೆ ನಿದರ್ಶನವಾಗಿ ಕೊಡುವುದು ರೂಢಿಯಾಗಿದೆ. ಆದರೆ ಘೋಷಣೆಮಾತ್ರದಿಂದ ಸಾಮರಸ್ಯವು ನೆಲೆಗೊಳ್ಳುವುದೆ? ಶಾಸನದ ಉಳಿದ ಭಾಗಗಳನ್ನು ನೋಡಿದರೆ, ಅದನ್ನು ಬರೆಯಿಸಿದವರಿಗೂ ಈ ಸಂದೇಹವಿದ್ದಂತೆ ತೋರುತ್ತದೆ.

ಭಕ್ತರು ಮಾಡುತ್ತಿದ್ದ ಅನ್ಯಾಯವನ್ನು ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದೆಡೆಗಳ ಭವ್ಯಜನರು ಅರಸನಿಗೆ ಬಿನ್ನವಿಸಿಕೊಂಡರು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕುವೆಂದು ವಿಧಿಸಿರುವುದರಿಂದ, ಕಲಹವು ತತ್ತ್ವದ ವಿಷಯವಾಗಿರದೆ ಮರ್ಯಾದೆಗಳ ವಿಷಯವಾಗಿದ್ದಿತೆಂದು ಊಹಿಸಬಹುದು. ವಿರೂಪಾಕ್ಷನ ಅಂಕಿತವನ್ನು ಧರಿಸಿದ ಸಂಗಮವಂಶದ ಅರಸನು ಈ ಎರಡು ಪಕ್ಷಗಳಿಗೂ ಹೊರಗಿನವನಾಗಿದ್ದುದು ತೀರ್ಪಿಗೆ ಅನುಕೂಲವೇ ಆಗಿರಬೇಕು.

ಅರಸನು ಜೈನರ ಕೈಹಿಡಿದು ಹದಿನೆಂಟು ನಾಡ ಶ್ರೀವೈಷ್ಣವರ ಕೈಯಲ್ಲಿ ಇತ್ತನು. ಈ ಶ್ರೀವೈಷ್ಣವರು ಯಾರೆಂಬುದು ಮುಖ್ಯ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೊಡನೆ ದೇವಾಲಯದ ಪರಿಚಾರಕರನ್ನೂ, ಕಡೆಗೆ ತಿರುಕುಲ ಜಾಂಬವಕುಲದವರನ್ನೂ ಶಾಸನವು ಹೆಸರಿಸುತ್ತದೆ. ತಿರುಕುಲದವರಿಗೆ ಆ ಹೆಸರನ್ನು ರಾಮಾನುಜರೇ ಇತ್ತರೆಂಬುದು ಮೇಲುಕೋಟೆಯ ಐತಿಹ್ಯ. ಆಚಾರ್ಯರು ಮಾತ್ರ ಒಪ್ಪಿದ ಒಡಂಬಡಿಕೆಯು ಬೀದಿಯಲ್ಲಿ ನಡೆಯಲಾರದು. ಆದುದರಿಂದಲೇ ಸಮುದಾಯದ ಎಲ್ಲ ಅಂಗಗಳನ್ನೂ ಅದಕ್ಕೆ ಹೊಣೆಯಾಗಿಸಿದರೆಂದು ತೋರುತ್ತದೆ.

ಇನ್ನು ಅರ್ಥವ್ಯವಸ್ಥೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೆ 1 ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಅದರಿಂದ ಬೆಳ್ಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನಿಟ್ಟು, ಮಿಕ್ಕ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಹೊಯ್ಯಿಸತಕ್ಕದ್ದು. ಹಣವು ಜೈನರದು, ಕಾವಲು ವೈಷ್ಣವರದು. ನೊಂದವರೇ ರಕ್ಷಣೆಯ ವೆಚ್ಚವನ್ನು ಹೊತ್ತರೆಂಬುದನ್ನು ಮರೆಯಲಾಗದು. ಇದು ಸಮಾನರ ಒಪ್ಪಂದವೆಂದು ಹೇಳಲು ಬರುವುದಿಲ್ಲ. ಆದರೂ ಜಿನಾಲಯದ ಹಾನಿಯನ್ನು ವೈಷ್ಣವರು ತಮ್ಮ ಹಾನಿಯೆಂದೇ ಎಣಿಸಬೇಕೆಂಬ ವಿಧಿಯು ಈ ಏರ್ಪಾಡಿನಿಂದ ಬರಿಯ ಮಾತಾಗಿ ಉಳಿಯದೆ ದಿನದಿನದ ಕರ್ತವ್ಯವಾಯಿತು. ತಪ್ಪಿದವನು ರಾಜದ್ರೋಹಿ, ಸಂಘಸಮುದಾಯಗಳಿಗೂ ದ್ರೋಹಿ.

ಮತ್ತೊಂದು ಅಂಶವು ಗಮನಾರ್ಹವಾದುದು. ಬಸದಿಯ ಬಳಿಯ ಈ ಶಾಸನವು ಆರಂಭವಾಗುವುದು ರಾಮಾನುಜರನ್ನು ಪಾಷಂಡಸಾಗರಕ್ಕೆ ಬಡಬಾಗ್ನಿಯೆಂದು ಹೊಗಳುವ ಶ್ಲೋಕದಿಂದ! ವೈಷ್ಣವರು ತಮ್ಮ ಅಭಿಮಾನವನ್ನು ಬಿಡಲಿಲ್ಲ. ಜೈನರು ತಮ್ಮ ವಾದ್ಯಕಲಶಗಳನ್ನು ಬಿಡಲಿಲ್ಲ. ಭೇದವಿಲ್ಲವೆಂಬ ವಾಕ್ಯಕ್ಕೆ ಸಿದ್ಧಾಂತಗಳು ಒಂದೇ ಎಂಬ ಅರ್ಥವನ್ನು ಹಚ್ಚುವುದು ಆದುದರಿಂದ ಸಲ್ಲದು. ರಕ್ಷಣೆಯಲ್ಲಿ ಭೇದವೆಣಿಸಲಾಗದೆಂಬುದೇ ಅದರ ಅಭಿಪ್ರಾಯ.

ಕಡೆಯಲ್ಲಿ, ಕಲ್ಲೆಹದ ಬುಸುವಿಸೆಟ್ಟಿಯು ಅರಸನಿಗೆ ಬಿನ್ನಹಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನೆಂದೂ, ಉಭಯಸಮಯದವರೂ ಕೂಡಿ ಅವನಿಗೆ ಸಂಘನಾಯಕಪಟ್ಟವನ್ನು ಕಟ್ಟಿದರೆಂದೂ ಇದೆ. ಅರಸನ ಆಜ್ಞೆಯಿಂದ ಮೊದಲಾದ ಮೈತ್ರಿಯು ಇಬ್ಬರೂ ಸೇರಿ ಒಬ್ಬನನ್ನು ಗೌರವಿಸುವವರೆಗೆ ಬೆಳೆಯಿತು. ಈ ಶಾಸನದ ನಿಜವಾದ ಫಲಶ್ರುತಿಯು ಇದೇ.