ಬ್ರೇಕ್ ಹಿಡಿಯದಿದ್ದರೆ ತಪ್ಪು ಯಾರದು?

ನಮ್ಮ ಪತ್ರಿಕೆಗಳ ಅಪಘಾತದ ಸುದ್ದಿಯಲ್ಲಿ ಒಂದು ಮಾತು ಅಚ್ಚು ಹಾಕಿಟ್ಟ ಹಾಗೆ ಬರುತ್ತದೆ, ಗಮನಿಸಿದ್ದೀರಾ? "ಸವಾರನ ನಿಯಂತ್ರಣ ತಪ್ಪಿದ ಬೈಕ್..." ಅಂತ. ಬೈಕು ಯಾವುದು, ಎಷ್ಟು ಹಳೆಯದು, ಬ್ರೇಕ್ ಹಿಡಿಯಿತೋ ಇಲ್ಲವೋ ಅನ್ನುವ ವಿಚಾರ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಓಡಿಸುತ್ತಿದ್ದವನ ತಪ್ಪು, ಅಲ್ಲಿಗೆ ಮುಗಿಯಿತು. ಎಷ್ಟೋ ಸಲ ಅದು ನಿಜವೂ ಇರಬಹುದು. ಆದರೆ ಗಾಡಿಯಲ್ಲೇ ದೋಷವಿದ್ದರೆ?

ಈ ಪ್ರಶ್ನೆಗೆ ಕಾನೂನಿನ ಬಲ ಬಂದದ್ದು ಅಮೆರಿಕದಲ್ಲಿ, 1966ರಲ್ಲಿ. ಅದಕ್ಕೂ ಮೊದಲು ಅಲ್ಲಿಯೂ ನಮ್ಮ ಪತ್ರಿಕೆಗಳ ಧಾಟಿಯೇ ಇತ್ತು. ಕಾರಿನಲ್ಲಿ ಲೂಸಾಗಿರುವ ನಟ್ಟು ಒಂದೇ, ಅದು ಸ್ಟೀರಿಂಗ್ ಹಿಂದೆ ಕೂತಿರುವವನು ಅಂತ ತಮಾಷೆ ಮಾಡುತ್ತಿದ್ದರು. ತಮಾಷೆಯೇನೋ ಚೆನ್ನಾಗಿದೆ, ಆದರೆ ಅದರಿಂದ ಕಾರು ಕಂಪನಿಗಳಿಗೆ ದೊಡ್ಡ ಅನುಕೂಲವಾಗುತ್ತಿತ್ತು. ಸತ್ತವನು ಬಂದು ವಾದ ಮಾಡುವುದಿಲ್ಲವಲ್ಲ!

1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಎಂಬ ಪುಸ್ತಕ ಬರೆದ. ಅದರ ಮೊದಲ ಅಧ್ಯಾಯವೇ ಜನರಲ್ ಮೋಟಾರ್ಸ್ ಕಂಪನಿಯ ಕಾರ್ವೇರ್ ಕಾರಿನ ಹಿಂಬದಿಯ ಸಸ್ಪೆನ್ಷನ್ ಕುರಿತದ್ದು. ಕಂಪನಿ ಏನು ಮಾಡಿತು ಗೊತ್ತೇ? ನೇಡರ್‌ನ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ವಿಷಯ ಹೊರಬಿದ್ದು, 1966ರ ಮಾರ್ಚ್‌ನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ ಸಮಿತಿಯ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾನೂನಿಗೆ ಸಹಿ ಹಾಕಿದರು. ಗಾಡಿಯಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷ ಕಂಡರೆ ಮಾಲೀಕರಿಗೆ ತಿಳಿಸುವುದು ಕಡ್ಡಾಯವಾಯಿತು. ತಿಳಿಸಿದರೆ ಸಾಕಿತ್ತು, ರಿಪೇರಿಯ ಖರ್ಚು ಯಾರದು ಅಂತ ಕಾನೂನು ಹೇಳಿರಲಿಲ್ಲ. ಕಂಪನಿಯೇ ಪುಕ್ಕಟೆಯಾಗಿ ಸರಿಪಡಿಸಿಕೊಡಬೇಕು ಎಂಬ ನಿಯಮ ಬಂದದ್ದು 1974ರ ತಿದ್ದುಪಡಿಯಲ್ಲಿ. ಇವತ್ತು ನಾವು ರೀಕಾಲ್ ಅನ್ನುವುದು ಈ ಎರಡೂ ಸೇರಿದ್ದನ್ನು. ಮೋಟಾರ್‌ಸೈಕಲ್ಲುಗಳೂ ಈ ಕಾನೂನಿನ ವ್ಯಾಪ್ತಿಗೆ ಬರುತ್ತವೆ.

ಇನ್ನು ಬೈಕಿನ ಬ್ರೇಕಿಗೆ ಬರೋಣ. ಹಳೆಯ ಬೈಕುಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಕೇಬಲ್ಲು ಅಥವಾ ರಾಡು ಎಳೆದರೆ ಡ್ರಮ್ಮಿನ ಒಳಗೆ ಬ್ರೇಕ್ ಶೂ ಅಗಲವಾಗಿ ಉಜ್ಜುತ್ತಿತ್ತು. ಕೇಬಲ್ಲು ಸವೆದರೆ ಕಣ್ಣಿಗೆ ಕಾಣುತ್ತಿತ್ತು, ಸಡಿಲವಾದರೆ ಕೈಗೆ ಗೊತ್ತಾಗುತ್ತಿತ್ತು. 1969ರಲ್ಲಿ ಬಂದ ಹೋಂಡಾ ಸಿಬಿ750 ಬೈಕಿನ ಮುಂದಿನ ಚಕ್ರಕ್ಕೆ ಆಯಿಲ್ ಒತ್ತಡದಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕ್ ಇತ್ತು. ಆಮೇಲೆ ಅದೇ ರೂಢಿಯಾಯಿತು. 1988ರಲ್ಲಿ ಬಿಎಂಡಬ್ಲ್ಯೂ ತನ್ನ ಕೆ100 ಬೈಕಿಗೆ ಎಬಿಎಸ್ ಅಳವಡಿಸಿತು. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗಿ ಜಾರದಂತೆ, ಒಂದು ಪೆಟ್ಟಿಗೆಯೊಳಗಿನ ಪುಟ್ಟ ವಾಲ್ವುಗಳು ಕ್ಷಣಕ್ಕೆ ಹಲವು ಬಾರಿ ಆಯಿಲ್ ಒತ್ತಡವನ್ನು ಬಿಟ್ಟು ಹಿಡಿದು ಮಾಡುತ್ತವೆ. ಇದರಿಂದ ಎಷ್ಟೋ ಜೀವ ಉಳಿದಿರುವುದರಲ್ಲಿ ಅನುಮಾನವಿಲ್ಲ. ಆದರೆ ಒಂದು ಮಾತು ನೋಡಿ, ಹೀಗೆ ಒಂದೊಂದು ಹೆಜ್ಜೆ ಮುಂದೆ ಹೋದಂತೆ ಬ್ರೇಕಿನ ಆರೋಗ್ಯ ಸವಾರನ ಕಣ್ಣಿನಿಂದ ಅಷ್ಟಷ್ಟೇ ದೂರವಾಯಿತು.

ಅದರ ಪರಿಣಾಮ ಏನಾಗಬಹುದು ಅನ್ನುವುದಕ್ಕೆ ಹಾರ್ಲೆ ಡೇವಿಡ್‌ಸನ್ ಪ್ರಕರಣವೇ ಉದಾಹರಣೆ. 2008ರಿಂದ 2011ರವರೆಗಿನ ಮಾದರಿಯ, ಎಬಿಎಸ್ ಇದ್ದ ಕೆಲವು ದೊಡ್ಡ ಹಾರ್ಲೆಗಳಲ್ಲಿ ಬ್ರೇಕ್ ಇದ್ದಕ್ಕಿದ್ದಂತೆ ಕೆಲಸ ಮಾಡುತ್ತಿಲ್ಲ ಎಂಬ ದೂರುಗಳು ಬಂದವು. ಕೆಲವರ ಬೈಕಿನಲ್ಲಿ ಮುಂದಿನದು, ಕೆಲವರದರಲ್ಲಿ ಹಿಂದಿನದು. 2016ರ ಜುಲೈನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ತನಿಖೆ ಶುರುಮಾಡಿತು. ಆಗ ಅದರ ಕೈಯಲ್ಲಿದ್ದದ್ದು 43 ದೂರು, 3 ಅಪಘಾತ, ಇಬ್ಬರಿಗೆ ಗಾಯ. ತನಿಖೆಯ ವ್ಯಾಪ್ತಿಗೆ ಬಂದ ಬೈಕುಗಳು ಸುಮಾರು 4,30,000!

ಕಾರಣ ಸಿಕ್ಕಿದ್ದು ಬ್ರೇಕ್ ಆಯಿಲ್‌ನಲ್ಲಿ. ಈ ಬೈಕುಗಳಿಗೆ ಹಾಕುತ್ತಿದ್ದದ್ದು ಡಾಟ್ 4 ದರ್ಜೆಯ ಆಯಿಲ್. ನಮ್ಮ ಹೆಚ್ಚಿನ ಬೈಕುಗಳಿಗೆ ಹಾಕುವುದೂ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ. ಇದಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅಷ್ಟೇ ಅಲ್ಲ, ವರ್ಷಗಟ್ಟಲೆ ಬದಲಾಯಿಸದಿದ್ದರೆ ಒಳಗೆ ಗಷ್ಟು ಕಟ್ಟುತ್ತದೆ. ಈ ಹಾರ್ಲೆಗಳಲ್ಲಿ ಆ ಗಷ್ಟು ಎಬಿಎಸ್ ವಾಲ್ವುಗಳಿಗೆ ಮೆತ್ತಿಕೊಂಡು ಅವು ಅಂಟಿಕೊಳ್ಳುತ್ತಿದ್ದವು. ಸವಾರ ಲಿವರ್ ಒತ್ತುತ್ತಾನೆ, ಒತ್ತಡ ಚಕ್ರಕ್ಕೆ ತಲುಪುವುದೇ ಇಲ್ಲ.

ಹಾಗಾದರೆ ತಪ್ಪು ಯಾರದು? ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಅಂತ ಕಂಪನಿಯ ಸರ್ವಿಸ್ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬದಲಾಯಿಸದೆ ಇದ್ದವರು ಮಾಲೀಕರು. ಆದರೆ ಹಳೆಯ ಹಾರ್ಲೆಗಳಲ್ಲಿ ಬಹಳ ಕಾಲ ಬಳಸುತ್ತಿದ್ದದ್ದು ಡಾಟ್ 5 ಎಂಬ ಸಿಲಿಕೋನ್ ಆಯಿಲ್, ಅದು ತೇವ ಹೀರುವುದಿಲ್ಲ. ಸವಾರರ ಅಭ್ಯಾಸ ಆ ಕಾಲದ್ದಾಗಿದ್ದರೆ ಆಶ್ಚರ್ಯವೇನಿಲ್ಲ. ಅದೂ ಅಲ್ಲದೆ, ಆಯಿಲ್ ಬದಲಾಯಿಸಲು ಮರೆತದ್ದಕ್ಕೆ ಸಿಗುವ ಶಿಕ್ಷೆ ಎಂಥದ್ದು? ಎಂಜಿನ್ ಆಯಿಲ್ ಹಳೆಯದಾದರೆ ಎಂಜಿನ್ ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಹೇಗೋ ಒಂದು ಸೂಚನೆ ಕೊಡುತ್ತದೆ. ಇಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಬ್ರೇಕೇ ಹೋಗುತ್ತಿತ್ತು.

2018ರ ಫೆಬ್ರವರಿಯಲ್ಲಿ ಹಾರ್ಲೆ ರೀಕಾಲ್ ಮಾಡಿತು. ಅಮೆರಿಕದಲ್ಲಿ ಸುಮಾರು 1,75,000 ಬೈಕು, ಜಗತ್ತಿನಾದ್ಯಂತ ಸುಮಾರು 2,51,000. ಪರಿಹಾರ ಏನು ಗೊತ್ತೇ? ಹಳೆಯ ಬ್ರೇಕ್ ಆಯಿಲ್ ತೆಗೆದು, ತೊಳೆದು, ಹೊಸದು ತುಂಬಿಸಿಕೊಡುವುದು, ಪುಕ್ಕಟೆಯಾಗಿ. ಅಂದರೆ ಮಾಲೀಕ ಮಾಡಬೇಕಿದ್ದ ಕೆಲಸವನ್ನೇ ಕಂಪನಿ ತನ್ನ ಖರ್ಚಿನಲ್ಲಿ ಮಾಡಿಕೊಟ್ಟಿತು. ಎರಡು ವರ್ಷದ ನಂತರ ಮತ್ತೆ ಮಾಲೀಕನ ಪಾಳಿ ಅನ್ನುವುದು ನಿಜ. ಆದರೂ ಇದರ ಹಿಂದಿನ ವಿಚಾರ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಮನುಷ್ಯ ಮರೆಯುತ್ತಾನೆ. ಮರೆಯುವ ಮನುಷ್ಯನ ಕೈಗೇ ಗಾಡಿ ಹೋಗುತ್ತದೆ ಅನ್ನುವುದು ಮಾಡಿದವನಿಗೆ ಗೊತ್ತಿರಬೇಕು. ಪುಸ್ತಕದಲ್ಲಿ ಬರೆದಿದ್ದೆ ಅಂದ ಮಾತ್ರಕ್ಕೆ ಅವನ ಜವಾಬ್ದಾರಿ ಮುಗಿಯುವುದಿಲ್ಲ.

ನಮ್ಮ ದೇಶದ ಕಥೆ ಬಹಳ ತಡವಾಗಿ ಶುರುವಾಯಿತು. 2012ರ ಜುಲೈನಲ್ಲಿ ವಾಹನ ತಯಾರಕರ ಸಂಘ ಸಿಯಾಮ್ ಸ್ವಯಂಪ್ರೇರಿತ ರೀಕಾಲ್ ನೀತಿ ತಂದಿತು. ಸ್ವಯಂಪ್ರೇರಿತ, ಅಂದರೆ ಕಂಪನಿಗೆ ಮನಸ್ಸು ಬಂದರೆ! 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಎಂಬ ಕಲಮನ್ನು ಸೇರಿಸಿ, ದೋಷವಿರುವ ಗಾಡಿಗಳನ್ನು ವಾಪಸು ಕರೆಸಿಕೊಳ್ಳಿ ಎಂದು ಕಂಪನಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು.

ಬ್ರೇಕಿನ ವಿಚಾರದಲ್ಲಿ ನಮ್ಮಲ್ಲೂ ರೀಕಾಲ್ ಆಗಿವೆ. 2019ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಸುಮಾರು 7,000 ಬುಲೆಟ್‌ಗಳನ್ನು ಕರೆಸಿಕೊಂಡಿತು, ಬ್ರೇಕ್ ಕ್ಯಾಲಿಪರ್ ಬೋಲ್ಟನ್ನು ಸರಿಯಾದ ಬಿಗಿಗೆ ತಿರುಗಿಸಿರಲಿಲ್ಲ ಅಂತ. 2021ರ ಡಿಸೆಂಬರ್‌ನಲ್ಲಿ ಅದೇ ಕಂಪನಿಯ 26,300 ಕ್ಲಾಸಿಕ್ 350 ಬೈಕುಗಳ ಸರದಿ. ಹಿಂದಿನ ಬ್ರೇಕ್ ಜೋರಾಗಿ ಒತ್ತಿದಾಗ ಆ ಭಾರ ತಡೆಯುವ ಒಂದು ಬ್ರಾಕೆಟ್ಟಿಗೆ ವಿಶೇಷ ಸಂದರ್ಭಗಳಲ್ಲಿ ಪೆಟ್ಟಾಗಬಹುದು ಅನ್ನುವುದು ಕಾರಣ. ಕಂಪನಿ ತಾನಾಗಿ ಹೇಳಿಕೊಂಡದ್ದನ್ನು ನಾನು ಅವಮಾನ ಅಂತ ನೋಡುವುದಿಲ್ಲ. ಒಂದು ಕಂಪನಿಯ ರೀಕಾಲ್ ಪಟ್ಟಿ ಉದ್ದವಿದ್ದರೆ ಗಾಡಿ ಕೆಟ್ಟದು ಅಂತಲೇ ಅರ್ಥವಲ್ಲ, ಹುಡುಕುವವರು ಇದ್ದಾರೆ ಅಂತಲೂ ಆಗಬಹುದು.

ನನ್ನ ಚಿಂತೆ ಬೇರೆ. ಕಾನೂನಿನ ಬಾಗಿಲು ತೆರೆಯುವ ಬೀಗದ ಕೈಗಳಲ್ಲಿ ಒಂದು ಮಾಲೀಕರ ದೂರು. ನಾವು ದೂರು ಎಲ್ಲಿ ಕೊಡುತ್ತೇವೆ? ಬ್ರೇಕ್ ಹಿಡಿಯುತ್ತಿಲ್ಲ ಅನ್ನಿಸಿದರೆ ಸರ್ಕಲ್ಲಿನ ಗ್ಯಾರೇಜಿಗೆ ಹೋಗುತ್ತೇವೆ. "ಏನಿಲ್ಲ ಸಾರ್, ಸ್ವಲ್ಪ ಏರ್ ಹಿಡಿದಿತ್ತು" ಅಂತ ಹೇಳಿ ಆತ ಸರಿಮಾಡಿಕೊಡುತ್ತಾನೆ, ದುಡ್ಡು ಕೊಟ್ಟು ಬರುತ್ತೇವೆ. ಇನ್ನೊಂದು ಊರಿನಲ್ಲಿ ಇನ್ನೊಬ್ಬನಿಗೂ ಅದೇ ಬೈಕಿನಲ್ಲಿ ಅದೇ ತೊಂದರೆ ಆಗಿರಬಹುದು. ಎರಡೂ ಎಲ್ಲೂ ದಾಖಲಾಗುವುದಿಲ್ಲ. ಅಮೆರಿಕದಲ್ಲಿ ಆ ತನಿಖೆ ಆರಂಭವಾದಾಗ ಕಡತದಲ್ಲಿದ್ದದ್ದು 43 ಜನ ಬರೆದು ಕಳಿಸಿದ ದೂರು ಅನ್ನುವುದನ್ನು ಮರೆಯಬಾರದು.

ಸೆಕೆಂಡ್ ಹ್ಯಾಂಡ್ ಗಾಡಿಗಳದ್ದು ಇನ್ನೊಂದು ತಲೆನೋವು. ಆರ್‌ಸಿ ಹೆಸರು ಬದಲಾಯಿಸದೆ ಕೈಯಿಂದ ಕೈಗೆ ಹೋದ ಬೈಕುಗಳು ನಮ್ಮಲ್ಲಿ ಬೇಕಾದಷ್ಟಿವೆ. ರೀಕಾಲ್ ಪತ್ರ ಹೋಗುವುದು ಹಳೆಯ ಮಾಲೀಕನ ವಿಳಾಸಕ್ಕೆ, ಓಡಿಸುತ್ತಿರುವವನಿಗೆ ಸುದ್ದಿಯೇ ಇಲ್ಲ. ಅಂಥ ಬೈಕು ನಿಮ್ಮಲ್ಲಿದ್ದರೆ ಚಾಸಿಸ್ ನಂಬರ್ ಹಿಡಿದುಕೊಂಡು ಶೋರೂಮಿನಲ್ಲಿ ಒಮ್ಮೆ ವಿಚಾರಿಸಿ. ಬ್ರೇಕ್ ವಿಚಿತ್ರವಾಗಿ ನಡೆದುಕೊಂಡರೆ ಗ್ಯಾರೇಜಿಗೆ ಹೋಗುವುದರ ಜೊತೆಗೆ ಕಂಪನಿಗೆ ಎರಡು ಸಾಲು ಬರೆದು ತಾರೀಕು ಹಾಕಿ ಕಳಿಸಿ.

ಅಂದ ಹಾಗೆ, ನೀವು ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ವರ್ಷವಾಯಿತು? ಡಬ್ಬಿಯೊಳಗಿನ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಈ ಭಾನುವಾರವೇ ಮುಹೂರ್ತ ಇಟ್ಟುಬಿಡಿ.